ಕಡ್ಡಿಯಣ್ಣ ಕತ್ತರಿಸಿದ ಒಂದೂವರೆ ಅಡಿ

ನಾನು ಮಾಡುವ ಕೆಲಸ ಏನೆಂದು ಯಾರಾದರೂ ಕೇಳಿದರೆ, ಹಳೇ ಸಿನಿಮಾಗಳ ಮುಖ ತೊಳೆಯುತ್ತೇನೆ ಎಂದು ಹೇಳಿ ಮಾತು ಮುಗಿಸುತ್ತೇನೆ. ತೊಳೆಯುವುದು ಯಾರಿಗೂ ಬರುತ್ತದೆ. ತೊಳೆದ ಮುಖ ಮೊದಲು ಹೇಗಿತ್ತು ಎಂದು ಗೊತ್ತಿರಬೇಕಲ್ಲ, ಕಷ್ಟ ಇರುವುದು ಅಲ್ಲಿ. ನಲವತ್ತೈದು ವರ್ಷದ ಹಿಂದೆ ಥಿಯೇಟರಿನ ಕತ್ತಲಲ್ಲಿ ಕೂತ ಜನ ಯಾವ ಬಣ್ಣ ನೋಡಿದರು, ಯಾವ ದನಿ ಕೇಳಿದರು ಎಂಬುದಕ್ಕೆ ಸಾಕ್ಷಿ ಬೇಕು. ಬಣ್ಣ ಇಳಿದ ನೆಗೆಟಿವ್ ಸುಳ್ಳು ಹೇಳುತ್ತದೆ. ಟಿವಿಯಲ್ಲಿ ಬರುವ ಪ್ರತಿ ಅದಕ್ಕಿಂತ ದೊಡ್ಡ ಸುಳ್ಳು ಹೇಳುತ್ತದೆ. ಇನ್ನು ಜನರನ್ನು ಕೇಳಿದರೆ ಎತ್ತು ಏರಿಗೆ, ಕೋಣ ನೀರಿಗೆ. ಒಬ್ಬರು ನಾಯಕನ ಕೋಟು ಕಂದು ಎಂದರೆ ಇನ್ನೊಬ್ಬರು ಬೂದು ಎನ್ನುತ್ತಾರೆ, ಮೂರನೆಯವರು ಅವನು ಕೋಟೇ ಹಾಕಿರಲಿಲ್ಲ ಎನ್ನುತ್ತಾರೆ.

ಕಡ್ಡಿಯಣ್ಣ ನಮ್ಮಲ್ಲಿಗೆ ಬಂದದ್ದು ಜಗಳಕ್ಕೆ. ನಾವು ಸರಿಪಡಿಸುತ್ತಿದ್ದ ಒಂದು ಚಿತ್ರದ ಎರಡು ನಿಮಿಷದ ತುಣುಕನ್ನು ಟಿವಿಯಲ್ಲಿ ತೋರಿಸಿ, ಇದರ ಹಳೆಯ ಪ್ರಿಂಟ್ ಯಾರ ಬಳಿಯಾದರೂ ಇದ್ದರೆ ತಿಳಿಸಿ ಎಂದು ಕೇಳಿದ್ದೆವು. ಮೂರನೇ ದಿನ ಬೆಳಿಗ್ಗೆ ನಾನು ಕಂಪ್ಯೂಟರಿನ ಮುಂದೆ ಟೀ ಲೋಟ ಇಡುವಷ್ಟರಲ್ಲಿ ಒಬ್ಬ ಮುದುಕರು ಬಾಗಿಲಲ್ಲಿ ನಿಂತಿದ್ದರು. ಉದ್ದಕ್ಕೆ, ಸಣ್ಣಕ್ಕೆ ಇದ್ದರು. ಬೆರಳ ತುದಿಗಳಲ್ಲಿ ಹಳೆಯ ಸುಟ್ಟ ಕಲೆಗಳು. ಹಿಂದೆ ಒಬ್ಬಳು ಹೆಂಗಸು, ನಡುವಯಸ್ಸಿನವಳು, ಕೈಯಲ್ಲಿ ಅವರ ಟೋಪಿ ಹಿಡಿದುಕೊಂಡಿದ್ದಳು.

"ಈ ಪಿಚ್ಚರ್‌ಗೆ ಬಣ್ಣ ಹಾಕಿದ್ದು ಯಾರು?" ಎಂದರು.

"ನಾನೇ."

"ಟಿಕೆಟ್ ಕಿಟಕಿಯಲ್ಲಿ ಕೂತಿರೋ ಹೆಂಗಸಿನ ಸ್ವೆಟರ್ ನೀಲಿ ಮಾಡಿದ್ದೀಯ. ಅದು ಪಾಚಿ ಹಸಿರು."

ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ನೀವು ಹೇಗೆ ಹೇಳ್ತೀರಿ? ಹೋಗಿ ಮುಟ್ಟಿ ನೋಡಿದ್ರಾ?" ಎಂದೆ.

"ಉಲ್ಲನ್ ತಂದುಕೊಟ್ಟೋನು ನಾನು. ಅವಳು ನನ್ನ ಹೆಂಡತಿ. ಆಮೇಲೆ ಇನ್ನೊಂದು ಮಾತು, ತಾಯಿ: ಆ ದನಿನೂ ಅವಳದಲ್ಲ."

ಇಷ್ಟು ಹೇಳಿ, ಯಾರೂ ಕೂರಿ ಎನ್ನದೆ ಕೂತರು. ನಾನು ಎದ್ದು ಇನ್ನೆರಡು ಲೋಟ ಟೀ ತಂದೆ.

ಚಿತ್ರವನ್ನು ನೋಡಿದವರಿಗೆಲ್ಲ ಆ ದೃಶ್ಯ ಗೊತ್ತು. ನಾಯಕ ತನ್ನ ಹುಡುಗಿಯ ಜೊತೆ ವಾರವಾರವೂ ಒಂದು ಥಿಯೇಟರಿಗೆ ಬರುತ್ತಿರುತ್ತಾನೆ. ಟಿಕೆಟ್ ಕೊಡುವವಳು ಕೇಳದೆಯೇ ಎರಡು ಟಿಕೆಟ್ ಹರಿದುಕೊಡುತ್ತಾಳೆ. ಹುಡುಗಿ ಬಿಟ್ಟುಹೋದ ಮೇಲೆ ಒಂದು ಸಂಜೆ ಅವನೊಬ್ಬನೇ ಬರುತ್ತಾನೆ. ಕಿಟಕಿಯ ಹಿಂದಿನ ಹೆಂಗಸು ತಲೆ ಎತ್ತಿ ನೋಡುತ್ತಾಳೆ. "ಒಂದೇನಾ?" ಎನ್ನುತ್ತಾಳೆ. ಅವನು "ಹೂಂ, ಒಂದೇ" ಎನ್ನುತ್ತಾನೆ. ದೃಶ್ಯ ಅಷ್ಟೇ. ಆ ಕಾಲದಲ್ಲಿ ನೋಡಿದವರು ಈಗಲೂ ಹೇಳುತ್ತಾರೆ, ಆ ಒಂದು ಮಾತಿಗೆ ಇಡೀ ಹಾಲ್ ತಣ್ಣಗಾಗುತ್ತಿತ್ತು ಎಂದು. ಟಿವಿಯಲ್ಲಿ ನೋಡಿದ ನಮ್ಮಂಥವರಿಗೆ ಅದೇನೆಂದು ತಿಳಿಯುತ್ತಿರಲಿಲ್ಲ. ಕಾರಣವಿತ್ತು. ಸದ್ದಿನ ಮೂಲ ನೆಗೆಟಿವ್ ನೀರು ಬಿದ್ದು ಕೊಳೆತುಹೋದ ಮೇಲೆ ನಿರ್ಮಾಪಕರು ಎಲ್ಲ ಮಾತುಗಳನ್ನೂ ಬೇರೆಯವರಿಂದ ಹೇಳಿಸಿ ಚಿತ್ರವನ್ನು ಮತ್ತೆ ಬಿಡುಗಡೆ ಮಾಡಿದ್ದರು. ಹೊಸಬಳು "ಒಂದೇನಾ" ಎಂಬುದನ್ನು ರೈಲು ತಡ ಎಂದು ಹೇಳುವ ಹಾಗೆ ಹೇಳಿದ್ದಳು.

ಶೂಟಿಂಗ್ ನಡೆದದ್ದು ಈ ಮುದುಕರು ಪ್ರೊಜೆಕ್ಟರ್ ಓಡಿಸುತ್ತಿದ್ದ ಥಿಯೇಟರಿನಲ್ಲೇ. ಪಾತ್ರ ಮಾಡಬೇಕಾದವಳು ಬರಲಿಲ್ಲ. ನಿರ್ದೇಶಕ ಅಲ್ಲಿ ನಿಜವಾಗಿ ಟಿಕೆಟ್ ಕೊಡುತ್ತಿದ್ದ ಇವರ ಹೆಂಡತಿಯನ್ನೇ ಕೂರಿಸಿದ. ಅವಳು ನಟಿಸಲಿಲ್ಲ, ದಿನಾ ಕೇಳುವುದನ್ನೇ ಕೇಳಿದಳು. ಎರಡು ತಿಂಗಳಾದ ಮೇಲೆ ಸ್ಟುಡಿಯೋಕ್ಕೆ ಕರೆಸಿ ಆ ಮಾತನ್ನು ಅವಳಿಂದಲೇ ಹೇಳಿಸಿದರು. ಚಿತ್ರ ತೆರೆಗೆ ಬಂದಾಗ ಅವಳು ಬಸುರಿ. ಮಗು ಹನ್ನೊಂದು ತಿಂಗಳಿದ್ದಾಗ ತಾಯಿ ಜ್ವರ ಬಂದು ಐದೇ ದಿನದಲ್ಲಿ ತೀರಿಕೊಂಡಳು. ಆ ಸ್ವೆಟರ್ ತೊಡಿಸಿಯೇ ಕಳಿಸಿಕೊಟ್ಟರು. ಆ ಮಗುವೇ ಈಗ ಟೋಪಿ ಹಿಡಿದು ನಿಂತಿದ್ದ ಹೆಂಗಸು. ಕನ್ನಡಕದ ಅಂಗಡಿಯಲ್ಲಿ ಕಣ್ಣಿನ ನಂಬರ್ ನೋಡುವ ಕೆಲಸ ಅವಳದು.

"ನನಗೆ ಅಮ್ಮನ ಮುಖ ಇದೆ ಮೇಡಂ," ಎಂದಳು. "ಟಿವಿಯಲ್ಲಿ ವರ್ಷಕ್ಕೆರಡು ಸಲ ಬರುತ್ತೆ. ಆದರೆ ಬಾಯಿ ತೆಗೆದ ತಕ್ಷಣ ಬೇರೆ ಯಾರೋ ಮಾತಾಡ್ತಾರೆ. ಮನೆಯಲ್ಲಿ ಟೇಪ್ ಇರಲಿಲ್ಲ. ಅಮ್ಮನ ದನಿ ಈ ಭೂಮಿ ಮೇಲೆ ಇದ್ದರೆ ಆ ಹಳೇ ಪ್ರಿಂಟಲ್ಲಿ ಮಾತ್ರ ಇರಬೇಕು. ಒಂದು ಸಲ ಕೇಳಿದರೆ ಸಾಕು."

ಅವತ್ತಿನಿಂದ ಆ ಮುದುಕರು ನನಗೆ ಗಂಟುಬಿದ್ದರು, ಅಥವಾ ನಾನು ಅವರಿಗೆ.

ಕಡ್ಡಿಯಣ್ಣ ಎಂಬ ಹೆಸರು ಬಂದದ್ದು ಎರಡು ಕಾರಣಕ್ಕೆ. ಆಗಿನ ಪ್ರೊಜೆಕ್ಟರಿನಲ್ಲಿ ಬಲ್ಬ್ ಇರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿಯನ್ನು ಹತ್ತಿರ ತಂದು ಅವುಗಳ ನಡುವೆ ಕಿಡಿ ಹಚ್ಚಿ, ಆ ಬೆಂಕಿಯ ಬೆಳಕಲ್ಲಿ ಸಿನಿಮಾ ತೋರಿಸುತ್ತಿದ್ದರು. ಕಡ್ಡಿ ಉರಿದಂತೆ ಸವೆಯುತ್ತದೆ. ಆಪರೇಟರ್ ಮೈಯೆಲ್ಲ ಕಣ್ಣಾಗಿ ಅದನ್ನು ಮುಂದಕ್ಕೆ ತಳ್ಳುತ್ತಿರಬೇಕು. ಇವರು ತೋರಿಸುವಾಗ ತೆರೆಯ ಬೆಳಕು ಒಮ್ಮೆಯೂ ಹಳದಿಗೆ ತಿರುಗುತ್ತಿರಲಿಲ್ಲವಂತೆ. ಎರಡನೇ ಕಾರಣ ಅವರ ಮಾತು. ಎಲ್ಲವೂ ಕಡ್ಡಿ ಮುರಿದ ಹಾಗೆ.

ಕೆಳಗಿನ ಟಿಕೆಟ್ ಕಿಟಕಿಯಿಂದ ಮೇಲಿನ ಮೆಷಿನ್ ರೂಮಿಗೆ ಒಂದು ತಂತಿ, ತಂತಿಯ ತುದಿಗೆ ಒಂದು ಗಂಟೆ. ಜನ ಒಳಗೆ ಬಂದಾಯಿತು, ಶುರು ಮಾಡು ಎನ್ನುವುದಕ್ಕೆ ಕೆಳಗಿನವಳು ಎರಡು ಸಲ ಒತ್ತಬೇಕು. ಒಂದು ದಿನ ಅವಳು ಮೂರು ಸಲ ಒತ್ತಿದಳು. ಏನೋ ಅನಾಹುತ ಆಯಿತೆಂದು ಇವರು ಮೆಟ್ಟಿಲಿಳಿದು ಓಡಿದರೆ, ಅವಳು ಟಿಕೆಟ್ ಪುಸ್ತಕದಿಂದ ತಲೆ ಎತ್ತಿ, "ಏನಿಲ್ಲ, ಮುಖ ನೋಡೋಣ ಅಂತ," ಎಂದಳು. ಮದುವೆ ಮಾತುಕತೆ ಅಷ್ಟರಲ್ಲೇ ಮುಗಿಯಿತಂತೆ. ಹೆಣ್ಣು ನೋಡೋ ಶಾಸ್ತ್ರ ಗಂಡಿಗೇ ಆಯ್ತು ಎಂದು ಅವರು ನಕ್ಕರು. ನಾನು ಅವರು ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ.

ಥಿಯೇಟರ್ ಮುಚ್ಚಿದ ಮೇಲೆ ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಮೆಷಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಮಗಳನ್ನು ಅವರ ಅಕ್ಕನೇ ಸಾಕಿದರು. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕರೂ ಆ ಚಳಿ ಬಿಟ್ಟು ಇವರು ಕದಲಲಿಲ್ಲ. ಯಾಕೆಂದು ಆಗ ನಾನು ಕೇಳಲಿಲ್ಲ.

ನಾವು ಪ್ರಿಂಟ್ ಹುಡುಕಿದ್ದು ಏಳು ತಿಂಗಳು. ಒಟ್ಟು ಹನ್ನೆರಡು ಪ್ರಿಂಟ್ ಹಾಕಿಸಿದ್ದರೆಂಬ ಸುದ್ದಿ ಹಿಡಿದು ಅಲೆದೆವು. ಒಬ್ಬ ಹಳೇ ಆಪರೇಟರನ್ನು ಹುಡುಕಿಕೊಂಡು ಹೋದರೆ ಅವರಿಗೆ ಕಿವಿ ಪೂರ್ತಿ ಹೋಗಿತ್ತು. ನಾವು ಕೂಗಿ ಕೇಳಿದ್ದಕ್ಕೆಲ್ಲ ಅವರು "ಊಟ ಆಯ್ತು, ನಿಮ್ಮದು?" ಎಂದರು. ಒಂದು ಥಿಯೇಟರ್ ಸೋಫಾ ಅಂಗಡಿಯಾಗಿತ್ತು. ಗುಜರಿಯವನೊಬ್ಬ ಬಹಳ ಸಲೀಸಾಗಿ, "ಫಿಲ್ಮಾ? ಕುದಿಸಿ ಅದರೊಳಗಿನ ಬೆಳ್ಳಿ ತೆಗೆದ್ವಲ್ಲ, ಲಾರಿಗಟ್ಟಲೆ," ಎಂದ. ಅವತ್ತು ಬಸ್ಸಿನಿಂದ ಇಳಿಯುವಾಗ ಕಡ್ಡಿಯಣ್ಣ, "ಅವಳನ್ನೂ ಕುದಿಸಿರ್ತಾರೆ," ಎಂದರು.

ಕಡೆಗೆ ಸಿಕ್ಕಿದ್ದು ಹಂಚಿಕೆದಾರರೊಬ್ಬರ ಮನೆಯ ಮೆಟ್ಟಿಲ ಕೆಳಗೆ. ಹಂಚಿಕೆದಾರರು ತೀರಿಕೊಂಡಿದ್ದರು. ಅವರ ಸೊಸೆ ಬೀಗ ತೆಗೆದು, "ಆ ತಗಡಿನ ಡಬ್ಬಗಳನ್ನ ತಗೊಂಡು ಹೋದರೆ ಪುಣ್ಯ ಬರುತ್ತೆ, ಹುಳಿ ವಾಸನೆಗೆ ಮಕ್ಕಳು ಈ ಕಡೆ ಬರಲ್ಲ," ಎಂದರು. ಹತ್ತು ಡಬ್ಬ. ಆರನೆಯದರ ಮುಚ್ಚಳಕ್ಕೆ ದಾರ ಕಟ್ಟಿ ಒಂದು ಚೀಟಿ ತೂಗುಹಾಕಿದ್ದರು: ಆರನೇ ರೀಲು ಜಿಗಿಯುತ್ತದೆ, ಯಾರಿಗೂ ಕಳಿಸಬೇಡಿ. ಉಳಿದ ಹನ್ನೊಂದು ಪ್ರಿಂಟುಗಳು ತಿರುಗಾಡಿ ತಿರುಗಾಡಿ ಸವೆದು ಬೆಳ್ಳಿಗೆ ಹೋಗಿದ್ದವು. ದೋಷವಿದೆ ಎಂದು ಮೂಲೆಗೆ ತಳ್ಳಿದ್ದರಿಂದಲೇ ಇದು ಉಳಿದಿತ್ತು. ಕಡ್ಡಿಯಣ್ಣ ಆ ಚೀಟಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದರು. ಸಂತೋಷಕ್ಕೆ ಎಂದುಕೊಂಡೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ಮಾರನೆಯ ದಿನ ಮಗಳೂ ರಜೆ ಹಾಕಿ ಬಂದಳು. ಪ್ರಿಂಟಿನ ಬಣ್ಣ ಪೂರ್ತಿ ಇಳಿದು ಎಲ್ಲವೂ ಗುಲಾಬಿಯಾಗಿತ್ತು. ಬಣ್ಣಕ್ಕೆ ಅದು ಉಪಯೋಗವಿಲ್ಲ. ಆದರೆ ಫಿಲ್ಮಿನ ಅಂಚಿನಲ್ಲಿ ಓಡುವ ಸದ್ದಿನ ಗೆರೆ ಗಟ್ಟಿಯಾಗಿತ್ತು. "ಸ್ವೆಟರ್ ಆಮೇಲೆ ನೋಡೋಣ, ದನಿ ಇದೆ," ಎಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವಳು ನಾನು.

ಟಿಕೆಟ್ ಕಿಟಕಿಯ ದೃಶ್ಯವಿದ್ದ ಆರನೇ ರೀಲನ್ನು ತಾನೇ ಸುತ್ತುತ್ತೇನೆ ಎಂದರು ಕಡ್ಡಿಯಣ್ಣ. ಎಡಗೈಯ ಹೆಬ್ಬೆರಳು ಫಿಲ್ಮಿನ ಅಂಚನ್ನು ಸವರುತ್ತಿತ್ತು, ಬಲಗೈ ಹಿಡಿಕೆಯನ್ನು ತಿರುಗಿಸುತ್ತಿತ್ತು. ಒಂದು ಕಡೆ ಕೈ ನಿಂತಿತು. ಅಲ್ಲಿ ಫಿಲ್ಮನ್ನು ಕತ್ತರಿಸಿ ಅಂಟಿಸಿದ್ದರು. ಹೆಬ್ಬೆರಳು ಆ ಜಾಯಿಂಟಿನ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಯಿತು.

"ಇದು ನನ್ನ ಕೈ," ಎಂದರು.

ಪ್ರತಿ ಆಪರೇಟರನ ಜಾಯಿಂಟ್ ಬೇರೆ. ಇವರು ಅಂಟಿಸುವ ಮುಂಚೆ ತುದಿಯನ್ನು ತುಸು ಓರೆಯಾಗಿ ಹೆರೆಯುತ್ತಿದ್ದರಂತೆ. ನನಗೆ ಅರ್ಥವಾಗಲಿಲ್ಲ. ಮಗಳಿಗೂ ಆಗಲಿಲ್ಲ. ಅವರು ಫಿಲ್ಮಿನಿಂದ ಕೈ ತೆಗೆಯದೆಯೇ ಹೇಳಿದರು.

ಹೆಂಡತಿ ಹೋಗಿ ಆರು ವಾರವಾಗಿತ್ತು. ಚಿತ್ರ ಎರಡನೇ ಸಲ ಅದೇ ಥಿಯೇಟರಿಗೆ ಬಂದಿತ್ತು. ದಿನಕ್ಕೆ ನಾಲ್ಕು ಆಟ. ನಾಲ್ಕು ಸಲ ಅವಳು ತಲೆ ಎತ್ತುತ್ತಿದ್ದಳು, "ಒಂದೇನಾ" ಎನ್ನುತ್ತಿದ್ದಳು. ಇವರು ಮೆಷಿನ್ ಪಕ್ಕದಲ್ಲಿ ನಿಂತು ಕಡ್ಡಿ ತಳ್ಳುತ್ತಿದ್ದರು. ಮಾರನೆಯ ದಿನ ಪ್ರಿಂಟ್ ಬೇರೆ ಊರಿಗೆ ಹೋಗಬೇಕು ಎಂದಾಗ, ಡಬ್ಬಕ್ಕೆ ಹಾಕುವ ಮುಂಚೆ, ಅವಳು ತಲೆ ಎತ್ತುವಷ್ಟನ್ನು ಕತ್ತರಿಸಿಕೊಂಡರು. ಒಂದೂವರೆ ಅಡಿ. ಫ್ರೇಮ್ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಚಿತ್ರ. ಸರಿಯಾಗಿ ಒಂದು ಸೆಕೆಂಡ್.

"ಮಾತಿಗೆ ಕೈ ಹಚ್ಚಲಿಲ್ಲ ಅಂದ್ಕೊಂಡಿದ್ದೆ," ಎಂದರು. "ಬಾಯಿ ತೆಗೆಯೋಕೆ ಮುಂಚಿನ ಚಿತ್ರಕ್ಕೆ ಕತ್ತರಿ ನಿಲ್ಲಿಸಿದೆ. ಮಾತು ಜನಕ್ಕೆ ಇರಲಿ, ಮುಖ ನನಗಿರಲಿ ಅಂತ."

ಪ್ರೊಜೆಕ್ಟರಿನಲ್ಲಿ ಚಿತ್ರ ತೋರಿಸುವ ಕಿಂಡಿ ಮೇಲಿರುತ್ತದೆ, ಸದ್ದು ಓದುವ ದೀಪ ಕೆಳಗಿರುತ್ತದೆ. ಹಾಗಾಗಿ ಫಿಲ್ಮಿನ ಮೇಲೆ ಒಂದು ಚಿತ್ರದ ಸದ್ದು ಅದರ ಪಕ್ಕದಲ್ಲೇ ಇರುವುದಿಲ್ಲ. ಇಪ್ಪತ್ತು ಚಿತ್ರಗಳಷ್ಟು ಮುಂದಿರುತ್ತದೆ. ಸುಮ್ಮನಿರುವ ಮುಖದ ಪಕ್ಕದಲ್ಲಿ ಅದು ಮುಂದಿನ ಗಳಿಗೆಯಲ್ಲಿ ಆಡಲಿರುವ ಮಾತು ಇರುತ್ತದೆ. ಅವಳ ಮೌನವನ್ನು ಕತ್ತರಿಸಿಕೊಂಡೆ ಎಂದುಕೊಂಡವರು ಮಾತನ್ನೇ ಕತ್ತರಿಸಿಕೊಂಡಿದ್ದರು. ಪ್ರಿಂಟ್ ಬೆಳಗಾಗುತ್ತಲೇ ಊರು ಬಿಟ್ಟಿತ್ತು. ಅದು ಓಡಿದ್ದನ್ನು ಅವರು ಕೇಳಿಯೇ ಇರಲಿಲ್ಲ.

"ಇಪ್ಪತ್ತು ಚಿತ್ರದ ಲೆಕ್ಕ ಮೆಷಿನ್ ರೂಮಲ್ಲಿ ಮೊದಲನೇ ದಿನ ಕಲಿಸ್ತಾರೆ ತಾಯಿ," ಎಂದರು. "ಯಾರೂ ಮರೆಯಲ್ಲ. ನಾನು ಅವತ್ತೊಂದು ದಿನ ಮರೆತೆ."

ಆದರೂ ಕೇಳಲೇಬೇಕಿತ್ತು. ಸೌಂಡ್ ರೂಮಿನಲ್ಲಿ ಮೂವರೂ ಕೂತೆವು. ನಾಯಕನ ಹೆಜ್ಜೆ ಸದ್ದು ಬಂತು, ಅವನದೇ ನಿಜವಾದ ಹೆಜ್ಜೆ. ದೂರದಲ್ಲಿ ಸೈಕಲ್ ಬೆಲ್. ಟಿಕೆಟ್ ಪುಸ್ತಕ ಮಗುಚಿದ ಸದ್ದು. ಆಮೇಲೆ ಯಾರೋ ಮಾತಾಡಲು ಸಣ್ಣಗೆ ಉಸಿರೆಳೆದುಕೊಂಡರು. ಟಕ್ ಎಂದಿತು. "ಹೂಂ, ಒಂದೇ," ಎಂದ ನಾಯಕ.

ಮಗಳು ಇನ್ನೂ ಕಾಯುತ್ತಿದ್ದಳು. "ಇನ್ನೂ ಬರಲಿಲ್ವಲ್ಲ?" ಎಂದಳು. ನಾನು ಅವಳಿಗೆ ಇಪ್ಪತ್ತು ಚಿತ್ರದ ಲೆಕ್ಕವನ್ನು ವಿವರಿಸಿದೆ. ಕನ್ನಡಕದ ಅಂಗಡಿಯವಳಿಗೆ ಬೇಗ ತಿಳಿಯಿತು. ಮುಖ ತಿರುಗಿಸಿ ಅಪ್ಪನನ್ನು ನೋಡಿದಳು. ಅವರು ತಮ್ಮ ಬೂಟುಗಳನ್ನು ನೋಡುತ್ತಿದ್ದರು.

ತಟ್ಟನೆ ನನಗೆ ಹೊಳೆಯಿತು. "ಕತ್ತರಿಸಿದ ಚೂರು ಎಲ್ಲಿದೆ? ಅದರ ಅಂಚಿನಲ್ಲೇ ಮಾತಿರಬೇಕು. ಒಂದು ಗಂಟೆ ಕೊಡಿ, ಓದಿಸ್ತೀನಿ." ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ ಎಂದು ನಾನು ನಗಲು ಹೊರಟಿದ್ದೆ. ಮಗಳ ಮುಖವೂ ಅರಳಿತ್ತು.

ಕಡ್ಡಿಯಣ್ಣ ಕೋಟಿನ ಒಳಜೇಬಿನಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದರು. ಗಡಿಯಾರ ರಿಪೇರಿಯವರು ಸ್ಕ್ರೂ ಇಡುವಂಥದ್ದು. ಬಿಸಿ ತಗುಲಿದರೆ ಬಣ್ಣ ಹೋಗುತ್ತದೆಂದು ಗೊತ್ತಿದ್ದ ಅವರು ಅದನ್ನು ಇಪ್ಪತ್ತೆಂಟು ವರ್ಷ ಕೋಲ್ಡ್ ಸ್ಟೋರೇಜಿನ ಒಳಗೋಡೆಯ ಸಂದಿಯಲ್ಲಿ ಇಟ್ಟು, ದಿನಾ ಡ್ಯೂಟಿ ಮುಗಿಯುವ ಮುಂಚೆ ಹೋಗಿ ನೋಡಿಬರುತ್ತಿದ್ದರು. ಕೆಲಸ ಬಿಟ್ಟ ಮೇಲೂ ಅಲ್ಲಿನವರು ಬೇಡವೆನ್ನದೆ ಇಡಲು ಬಿಟ್ಟಿದ್ದರು. ಅವತ್ತು ಬೆಳಿಗ್ಗೆಯೇ ಹೋಗಿ ತಂದಿದ್ದರು. ಹಿಂದಿನ ದಿನ ಆ ಚೀಟಿ ನೋಡಿದಾಗಲೇ ಅವರಿಗೆ ಅನುಮಾನ ಬಂದಿತ್ತು.

ಮುಚ್ಚಳ ತೆಗೆದೆ. ಇಪ್ಪತ್ತನಾಲ್ಕು ಚಿತ್ರಗಳು ಒಂದರ ಮೇಲೊಂದು. ಮೇಲಿನದನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಪಾಚಿ ಹಸಿರು. ಕತ್ತಿನ ಹತ್ತಿರ ಒಂದು ಹೊಲಿಗೆ ಬಿಟ್ಟಿದ್ದೂ ಕಾಣುತ್ತಿತ್ತು. ನಲವತ್ತೈದು ವರ್ಷದ ಹಿಂದಿನ ಥಿಯೇಟರಿನ ಬಣ್ಣ ನನ್ನ ಕೈಯಲ್ಲಿತ್ತು, ನಾನು ವೃತ್ತಿಯಲ್ಲಿ ಅಂಥದ್ದನ್ನು ಹಿಂದೆಂದೂ ನೋಡಿರಲಿಲ್ಲ.

ಚಿತ್ರಗಳಿಗೆ ಅಂಚಿರಲಿಲ್ಲ.

"ಡಬ್ಬಿ ಸಣ್ಣದು," ಎಂದರು. "ಅದಕ್ಕೆ ಎರಡೂ ಕಡೆ ಬ್ಲೇಡಿನಲ್ಲಿ ತೆಗೆದೆ. ಅವಳ ಮುಖ ಮಾತ್ರ ಉಳಿಸ್ಕೊಂಡೆ. ಅಂಚಿನ ಚೂರು ನೆಲದ ಮೇಲೆ ಬಿದ್ದಿತ್ತು. ನಾನೇ ಗುಡಿಸಿ ಹಾಕಿದೆ."

ಸಿಟ್ಟು ಬರಬೇಕಿತ್ತು ನನಗೆ. ಫಿಲ್ಮಿಗೆ ಬ್ಲೇಡ್ ಹಾಕಿದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಆದರೆ ಅಳು ಬಂತು. ಪೊರಕೆ ಹಿಡಿದು ಹೆಂಡತಿಯ ಕಡೆಯ ಮಾತನ್ನು ಗುಡಿಸಿ ಹಾಕಿದ ಆ ಮನುಷ್ಯ, ತಾನು ಏನನ್ನು ಗುಡಿಸುತ್ತಿದ್ದೇನೆಂದು ತಿಳಿಯದೆ, ಎಷ್ಟು ಚೊಕ್ಕಟವಾಗಿ ಗುಡಿಸಿರಬೇಕು.

ಮಗಳು ಕುರ್ಚಿಯನ್ನು ಅಪ್ಪನ ಹತ್ತಿರ ಎಳೆದುಕೊಂಡಳು. "ಹೋಗಲಿ ಬಿಡಪ್ಪ," ಎಂದಳು. "ಸ್ವೆಟರಿನ ಬಣ್ಣ ಯಾರೂ ಹೇಳಿಕೊಡದೆ ನೀನೇ ಹೇಳಿದೆಯಲ್ಲ. ಹಾಗೇ ಇದನ್ನೂ ಹೇಳು. ಅಮ್ಮ ಅದನ್ನ ಹೇಗೆ ಹೇಳ್ತಿದ್ದಳು? ನೀನು ಹೇಳಿ ತೋರಿಸು, ನಾನು ಕಲೀತೀನಿ. ನನ್ನ ದನಿ ಅಮ್ಮನ ಥರಾನೇ ಇದ್ದರೂ ಇರಬಹುದು. ಇವರು ರೆಕಾರ್ಡ್ ಮಾಡ್ಕೊಳ್ಳಲಿ."

ಒಳ್ಳೆಯ ಮಾತು ಅದು. ನನಗೂ ಆಸೆ ಹುಟ್ಟಿತು. ಮೈಕನ್ನು ಅವಳ ಮುಂದೆ ಸರಿಸಿದೆ.

ಕಡ್ಡಿಯಣ್ಣ ಕಣ್ಣು ಮುಚ್ಚಿದರು. ತುಟಿ ಒದ್ದೆ ಮಾಡಿಕೊಂಡರು. "ಒಂದೇನಾ?" ಎಂದರು. ತಲೆ ಅಲ್ಲಾಡಿಸಿ, ಅಲ್ಲ ಎಂದುಕೊಂಡು, ಇನ್ನೊಂದು ಸಲ ಹೇಳಿದರು. ಮೂರನೇ ಸಲ ಹೇಳುವಾಗ ನಮ್ಮ ಮೂವರಿಗೂ ಒಟ್ಟಿಗೇ ಗೊತ್ತಾಯಿತು. ಅವರ ಬಾಯಲ್ಲಿ ಬರುತ್ತಿದ್ದುದು ಟಿವಿಯವಳ ರಾಗ. ಕಡೆಯ ಅಕ್ಷರವನ್ನು ಅದೇ ರೀತಿ ಮೇಲಕ್ಕೆ ಎಳೆದದ್ದು, ರೈಲು ತಡ ಎನ್ನುವ ಹಾಗೆ. ಇದು ಅವಳ ದನಿಯಲ್ಲ ಎಂದು ಮೂವತ್ತು ವರ್ಷ ಬೈದುಕೊಂಡೇ ಕೇಳಿದ್ದರು. ಬೈಯುತ್ತ ಬೈಯುತ್ತ ಅದೇ ಕಿವಿಯಲ್ಲಿ ಕೂತುಬಿಟ್ಟಿತ್ತು. ಅವಳದು ಹೋಗಿತ್ತು.

ಅವರು ಕಣ್ಣು ತೆರೆದರು. "ನನಗೂ ಇಲ್ಲ ಮಗಳೇ," ಎಂದರು. "ಇದೆ ಅಂದ್ಕೊಂಡಿದ್ದೆ."

ಆಮೇಲೆ ಟೋಪಿಯನ್ನೂ ತೆಗೆದುಕೊಳ್ಳದೆ ಹೊರಗೆ ಹೋಗಿ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಂತರು. ನಾನು ಏಳಹೋದೆ. ಮಗಳು ನನ್ನ ಕೈ ಹಿಡಿದು ಕೂರಿಸಿದಳು.

"ಆ ಉಸಿರು ಇದೆಯಲ್ಲ ಮೇಡಂ, ಟಕ್ ಅನ್ನೋಕೆ ಮುಂಚೆ," ಎಂದಳು. "ಅದು ಅಮ್ಮಂದೇನಾ?"

"ಹೂಂ," ಎಂದೆ. "ಅವರದೇ."

"ಇನ್ನೊಂದು ಸಲ ಹಾಕಿ."

ಹಾಕಿದೆ. ಅರ್ಧ ಸೆಕೆಂಡೂ ಇಲ್ಲ ಅದು. ಅವಳು ಮತ್ತೆ ಹಾಕಿ ಎಂದಳು, ನಾನು ಮತ್ತೆ ಹಾಕಿದೆ. ಎಷ್ಟನೆಯ ಸಲವೋ ತಿಳಿಯದು, ಅದು ಮುಗಿಯುವ ಹೊತ್ತಿಗೆ ಅವಳೂ ಬಾಯಿ ಸ್ವಲ್ಪ ತೆರೆದು ಹಾಗೆಯೇ ಉಸಿರೆಳೆದುಕೊಳ್ಳುತ್ತಿದ್ದಳು, ಈಗ ಏನೋ ಕೇಳಲಿದ್ದಾಳೆ ಎನ್ನುವ ಹಾಗೆ.

ಚಿತ್ರ ಈಗ ಥಿಯೇಟರುಗಳಲ್ಲಿ ಓಡುತ್ತಿದೆ. ದೃಶ್ಯ ನೆಗೆಟಿವಿನಿಂದ, ಸದ್ದು ಆ ಪ್ರಿಂಟಿನಿಂದ ತೆಗೆದದ್ದು. ಸ್ವೆಟರ್ ಪಾಚಿ ಹಸಿರಿದೆ. ಆರನೇ ರೀಲಿನಲ್ಲಿ ಹೆಂಗಸಿನ ತುಟಿ ಅಲ್ಲಾಡುತ್ತದೆ, ಮಾತು ಕೇಳಿಸುವುದಿಲ್ಲ, ಇದೇನು ಇಷ್ಟು ಬೇಜವಾಬ್ದಾರಿ ಎಂದು ವಾರಕ್ಕೆರಡು ಪತ್ರ ಬರುತ್ತವೆ. ಟಿವಿಯವಳ ದನಿಯನ್ನೇ ಅಲ್ಲಿ ಹಾಕಿ ಎಂದು ಮೇಲಿನವರೂ ಹೇಳಿದರು. ಆಗುವುದಿಲ್ಲ ಎಂದೆ. ಕಡ್ಡಿಯಣ್ಣ ಇನ್ನೂ ಚಿತ್ರ ನೋಡಿಲ್ಲ. ಡಬ್ಬಿಯನ್ನು ವಾಪಸ್ ಕೊಡಲು ಹೋದರೆ ಬೇಡವೆಂದರು. ಅದು ನಮ್ಮ ಶೀತಲ ಕೋಣೆಯಲ್ಲಿದೆ. ಸಂಜೆ ಮನೆಗೆ ಹೊರಡುವ ಮುಂಚೆ ಒಂದು ಸಲ ಹೋಗಿ ನೋಡಿಬರುತ್ತೇನೆ.